ಮೀಸಲು ಗಾಡಿ

ಹಳಿಯಾಳದ ಅಕ್ಕಿ ವ್ಯಾಪಾರಿ ಚನಬಸಪ್ಪನ ಮನೆಯ ಮಗ್ಗುಲಲ್ಲಿ ಒಂದು ತಗಡಿನ ಶೆಡ್ಡು, ಆ ಶೆಡ್ಡಿನಲ್ಲಿ ಒಂದು ಕರೀ ಮೋಟಾರು ನಿಂತಿತ್ತು. ನಿಂತಿತ್ತು ಎಂಬುದೇ ಅದರ ಕಥೆ. ಓಡುವ ಮೋಟಾರಿನ ಬಗ್ಗೆ ಯಾರು ತಾನೇ ಕಥೆ ಹೇಳುತ್ತಾರೆ?

ಗೋವಾ ಬಿಡುಗಡೆಯಾದ ಮರುವರ್ಷ ಚನಬಸಪ್ಪ ಅದನ್ನು ಬೆಳಗಾವಿ ಕಡೆಯ ಒಬ್ಬ ಸಣ್ಣ ಸಂಸ್ಥಾನಿಕರಿಂದ ತಂದಿದ್ದ. ಸಂಸ್ಥಾನ ಹೋಗಿ ಎಷ್ಟೋ ವರ್ಷವಾಗಿದ್ದರೂ ಮೋಟಾರಿಗೆ ಆ ಸುದ್ದಿ ಮುಟ್ಟಿದಂತಿರಲಿಲ್ಲ. ಮುಂದೆ ಬೆಳ್ಳಿಯಂತೆ ಹೊಳೆಯುವ ಜಾಲರಿ, ಒಳಗೆ ತೊಗಲಿನ ಮೆತ್ತೆ, ಹಿಂದಿನ ಸೀಟಿಗೆ ರೇಶಿಮೆ ಪರದೆ, ಎಲೆಯಡಿಕೆ ತಟ್ಟೆ ಇಡಲು ಒಂದು ಪುಟ್ಟ ಕಟ್ಟಿಗೆ ಕಪಾಟು. ಬಾಗಿಲ ಹೊರಗೆ ಹಿತ್ತಾಳೆಯ ಹಾರ್ನು, ಅದರ ಹಿಂದೆ ಮುಷ್ಟಿಯಲ್ಲಿ ಹಿಂಡುವ ರಬ್ಬರ್ ಗಡ್ಡೆ. ಹಿಂಡಿದರೆ ಅರ್ಧ ಊರಿಗೆ ಕೇಳಿಸುತ್ತಿತ್ತು.

ಚನಬಸಪ್ಪನ ಅಪ್ಪ ಸಂತೆಯಲ್ಲಿ ಗೋಣಿತಟ್ಟು ಹಾಸಿಕೊಂಡು ಅವಲಕ್ಕಿ ಮಾರಿದವನು. ಮಗ ಮೇಲೆ ಬಂದು ಅಕ್ಕಿಯ ಗೋದಾಮು ಕಟ್ಟಿದ ಮೇಲೂ ಊರಿನ ಬಾಯಲ್ಲಿ ಅವನು ‘ಅವಲಕ್ಕಿ ಚನಬಸ್ಯಾ’ನೇ ಆಗಿದ್ದ. ಮೋಟಾರು ಬಂದ ವಾರದಲ್ಲಿ ಅದೇ ಊರು ‘ಚನಬಸಪ್ಪ ಸಾಹುಕಾರ್ರು’ ಅನ್ನತೊಡಗಿತು. ಗೋದಾಮು ಮಾಡಲಾರದ ಕೆಲಸವನ್ನು ನಾಲ್ಕು ಗಾಲಿ ಮಾಡಿದವು. ಮನುಷ್ಯ ಆ ಮಾತಿನ ರುಚಿ ಹತ್ತಿಸಿಕೊಂಡುಬಿಟ್ಟ.

ಮೋಟಾರು ಮಾತ್ರ ಮೊದಲ ತಿಂಗಳಿಂದಲೇ ತನ್ನ ಗುಣ ತೋರಿಸಿತು. ದಾಂಡೇಲಿಗೆ ಹೊರಟರೆ ನಡುವೆ ಸಿಕ್ಕ ಹಳ್ಳಕ್ಕೆಲ್ಲ ನಿಂತು ರೇಡಿಯೇಟರಿಗೆ ನೀರು ಕುಡಿಸಬೇಕು. ಯಾರಾದರೂ ನೋಡಿದರೆ ಸಾಹುಕಾರರು ಸೊಂಟದ ಮೇಲೆ ಕೈಯಿಟ್ಟು, ಕಾಡಿನ ಗಾಳಿ ಆರೋಗ್ಯಕ್ಕೆ ಚಲೋ ಅಂತ ಹೇಳಿ ನಗುತ್ತಿದ್ದರು. ಆಮೇಲೆ ಸೆಲ್ಫ್ ಸ್ಟಾರ್ಟರು ಕೈಕೊಟ್ಟಿತು. ಆಮೇಲೆ ಪೆಟ್ರೋಲ್ ಪಂಪು. ಆ ಅಳತೆಯ ಟಯರು ಹುಬ್ಬಳ್ಳಿಯಲ್ಲೂ ಸಿಗದೆ ಹಳೆಯದಕ್ಕೇ ತೇಪೆ ಹಾಕಿಸಿದ್ದಾಯಿತು. ದೀಪಾವಳಿಯ ಪೂಜೆಗೆಂದು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಗಾಲಿಗೆ ನಿಂಬೆಹಣ್ಣು ಕೊಟ್ಟು ಶೆಡ್ಡಿನೊಳಗೆ ನಿಲ್ಲಿಸಿದ್ದೇ ಕಡೆ. ಮರುದಿನ ಅದು ಉಸಿರೆತ್ತಲಿಲ್ಲ.

ಚನಬಸಪ್ಪ ದಾಂಡೇಲಿಯಿಂದ ಸೋಮಪ್ಪ ಎಂಬ ಮೇಸ್ತ್ರಿಯನ್ನು ಕರೆಸಿದ. ಗೋಕಾಕ ಕಡೆಯವನು, ದಾಂಡೇಲಿಯ ಬಂಗೂರನಗರದ ಹತ್ತಿರ ಕಟ್ಟಿಗೆ ಲಾರಿಗಳನ್ನು ರಿಪೇರಿ ಮಾಡಿಕೊಂಡು ಇದ್ದವನು, ಬಾಯಿ ಸುಮ್ಮನಿಡುವ ಜಾತಿಯಲ್ಲ. ಅರ್ಧ ದಿನ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡಿದ್ದು, ಕೊನೆಗೆ ಕೈ ಒರೆಸಿಕೊಳ್ಳುತ್ತ ಈಚೆ ಬಂದ.

“ಇದಕ್ಕ ಏನೇನ ಆಗೇತಿ ಅಂತ ಕೇಳಬ್ಯಾಡ್ರಿ ಸಾಹುಕಾರ್ರ. ಏನ ಆಗಿಲ್ಲ ಅಂತ ಕೇಳ್ರಿ. ಹಾರ್ನ್ ಒಂದ ಚಲೋ ಐತಿ.”

ಎಂಜಿನ್ನಿನ ಹೆಡ್ಡು ಸೀಳಿ, ನೀರು ಆಯಿಲ್ಲಿಗೆ ಬೆರೆತು, ಒಳಗೆಲ್ಲ ಗಂಜಿಯಾಗಿತ್ತು. ಸಾಮಾನು ಮುಂಬೈಯಿಂದ ಬರಬೇಕು, ಮುಂಬೈಗೆ ವಿಲಾಯತಿಯಿಂದ ಬರುವುದನ್ನು ಸರಕಾರ ತಡೆದಿತ್ತು, ಬಂದರೂ ಆ ಮಾಡೆಲ್ಲಿಗೆ ಕೂಡುವುದು ಸಿಗುತ್ತದೆಂಬ ಭರವಸೆಯಿಲ್ಲ. ಒಂದೊಂದನ್ನೂ ಕಡೆದು ಮಾಡಿಸಿದರೆ ಗಾಡಿ ಕೊಂಡದ್ದಕ್ಕಿಂತ ರಿಪೇರಿಯೇ ತುಟ್ಟಿಯಾಗುತ್ತದೆ ಎಂದ ಸೋಮಪ್ಪ. ಹೊರಡುವಾಗ ಇನ್ನೊಂದು ಮಾತು ಸೇರಿಸಿದ. ಬ್ರೇಕಿನ ಕೊಳವೆಗಳು ಕೊಳೆತು ಎಣ್ಣೆಯೆಲ್ಲ ಸೋರಿಹೋಗಿದೆ, ಕೈಬ್ರೇಕಿನ ತಂತಿಯೂ ತುಂಡಾಗಿದೆ, ತಳ್ಳಿಕೊಂಡಾದರೂ ಇಳಿಜಾರಿಗೆ ಮಾತ್ರ ಒಯ್ಯಬೇಡಿ, ಬ್ರೇಕು ಒತ್ತಿದರೆ ಕಾಲಿಗೆ ವ್ಯಾಯಾಮ ಆದೀತೇ ಹೊರತು ಗಾಡಿ ನಿಲ್ಲುವುದಿಲ್ಲ. ಚನಬಸಪ್ಪ ಅವನ ಕೈಗೆ ಕೂಲಿಯ ಜೊತೆಗೆ ಒಂದು ಚೀಲ ಸಣ್ಣಕ್ಕಿ ಕೊಟ್ಟು, ಈ ಸಂಗತಿ ಯಾರ ಮುಂದೂ ಆಡಬಾರದೆಂದು ಮಾತು ತೆಗೆದುಕೊಂಡ.

ಎತ್ತು ಕುಂಟಾದರೆ ಯಾರೂ ನಾಚಿಕೊಳ್ಳುವುದಿಲ್ಲ, ಎಮ್ಮೆ ಬತ್ತಿದರೆ ಯಾರೂ ಮುಚ್ಚಿಡುವುದಿಲ್ಲ. ಆದರೆ ಚನಬಸಪ್ಪನಿಗೆ ಮೋಟಾರು ಕೆಟ್ಟದ್ದು ತನ್ನ ಮೈಮೇಲಿನ ಧೋತರ ಜಾರಿದಷ್ಟು ನಾಚಿಕೆಯಾಯಿತು. ಗಾಡಿ ಸತ್ತಿದೆ ಎಂದು ಗೊತ್ತಾದ ದಿನವೇ ‘ಸಾಹುಕಾರ್ರು’ ಹೋಗಿ ‘ಅವಲಕ್ಕಿ ಚನಬಸ್ಯಾ’ ವಾಪಸು ಬರುತ್ತಾನೆ ಎಂದು ಅವನ ಲೆಕ್ಕ. ಹಗಲೂ ರಾತ್ರಿ ಅದೊಂದೇ ಅಂಜಿಕೆ.

ಆ ಹೊತ್ತಿನಲ್ಲೇ ಅರಿವೆ ಅಂಗಡಿಯ ಮಹಾಂತಪ್ಪ ಮಗಳ ಮದುವೆಯ ಮೆರವಣಿಗೆಗೆ ಗಾಡಿ ಕೇಳಲು ಬಂದ. ಊರಿನ ಹಿರಿಯ, ಇಲ್ಲ ಎನ್ನಲಾಗದ ಮನುಷ್ಯ. ಚನಬಸಪ್ಪನ ಬಾಯಿಂದ ತಾನಾಗಿ ಒಂದು ಮಾತು ಹೊರಬಿತ್ತು.

“ಗಾಡಿ ಮೀಸಲ ಐತ್ರೀ. ದೀಪಾವಳಿ ಪೂಜಿಗೆ ಹರಕಿ ಹೊತ್ತೇನಿ. ಅಜ್ಜಾರ ಪಾದ ಮುಟ್ಟೂ ತನಕ ಅದರಾಗ ನಾನೂ ಕುಂಡ್ರಂಗಿಲ್ಲ, ಯಾರನ್ನೂ ಕುಂಡ್ರಸಂಗಿಲ್ಲ.”

ಅಜ್ಜಾರೆಂದರೆ ಮುಂಡಗೋಡ ಕಡೆಯ ಮಠದ ಸ್ವಾಮಿಗಳು. ಆ ಸೀಮೆಯ ಲಿಂಗಾಯತ ಮನೆಗಳಲ್ಲಿ ಅವರ ಹೆಸರು ಹೇಳಿ ಯಾರೂ ಹುಡುಗಾಟ ಆಡುವುದಿಲ್ಲ. ಇನ್ನು ಮೀಸಲೆಂದರೆ ಹೇಳಬೇಕೇ? ಈದ ಎಮ್ಮೆಯ ಮೊದಲ ಹಾಲು, ಹೊಸ ಭತ್ತದ ಮೊದಲ ಹಿಡಿ, ಇವಕ್ಕೆ ಮಕ್ಕಳು ಕೈ ಹಾಕಿದರೂ ತಾಯಂದಿರು ಬೆಚ್ಚಿಬೀಳುತ್ತಾರೆ. ಮಹಾಂತಪ್ಪ ಎದ್ದು ನಿಂತು ಶೆಡ್ಡಿನ ಕಡೆ ಕೈಮುಗಿದ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹಬ್ಬಿತು. ಸಾಹುಕಾರ ಎನ್ನಿಸಿಕೊಂಡವನು ಈಗ ಭಕ್ತನೂ ಆದ.

ಹೆಂಡತಿ ಗುರುಬಸವ್ವ ಗಂಡನ ಮಾತನ್ನು ಎರಡನೆಯ ಸಲ ಕೇಳದೆ ನಂಬಿದಳು. ಅದಕ್ಕಿಂತ ಹೆಚ್ಚಿನ ಶಿಕ್ಷೆ ಅವನಿಗೆ ಇರಲಿಲ್ಲ. ದಿನಾ ಮಿಂದು ಬಂದು ಬಾನೆಟ್ಟಿಗೆ ಮೂರು ಬೆರಳು ವಿಭೂತಿ ಎಳೆಯುವಳು, ಹಿಂದಿನ ಮೆತ್ತೆಗೆ ಮಡಿ ಬಟ್ಟೆ ಹಾಸುವಳು, ಶೆಡ್ಡಿಗೆ ನುಗ್ಗಿದ ಕೋಳಿಯನ್ನು ಬೈಯದೆ, ಹೋಗವ್ವಾ ಎಂದು ಮೆಲ್ಲಗೆ ಅಟ್ಟುವಳು. ಮಂಡಿನೋವಿದ್ದರೂ ತವರಿಗೆ ಎತ್ತಿನ ಗಾಡಿಯಲ್ಲೇ ಹೋಗಿ ಬಂದಳು. ಅವಳು ವಿಭೂತಿ ಹಚ್ಚುವ ಹೊತ್ತಿಗೆ ಚನಬಸಪ್ಪ ಹಿತ್ತಲ ಕಡೆ ಹೋಗಿ ನಿಲ್ಲುವುದನ್ನು ರೂಢಿಸಿಕೊಂಡ.

ಇಲ್ಲಿಯವರೆಗೆ ಇದು ನಗುವ ಸಂಗತಿಯೇ. ಮಾಘಮಾಸದಲ್ಲಿ ದ್ಯಾಮಪ್ಪ ಬಂದ ಮೇಲೆ ನಗಲಿಕ್ಕೆ ಏನೂ ಉಳಿಯಲಿಲ್ಲ.

ದ್ಯಾಮಪ್ಪ ಕೆರೆಯ ಕಡೆಯ ಓಣಿಯ ರೈತ, ಪ್ರತಿ ಸುಗ್ಗಿಗೆ ಭತ್ತವನ್ನು ಚನಬಸಪ್ಪನಿಗೇ ಹಾಕುವವನು. ಅವನ ತಾಯಿ ನೀಲಕ್ಕ. ಸಂತೆಯಲ್ಲಿ ಅವಲಕ್ಕಿ ಮಾರುತ್ತ ಕೂತ ಅಪ್ಪನ ಮಗ್ಗುಲಲ್ಲಿ ಹಸಿದು ತೂಕಡಿಸುವ ಹುಡುಗ ಚನಬಸ್ಯಾನಿಗೆ ತನ್ನ ಗಂಟಿನಿಂದ ರೊಟ್ಟಿ ಮುರಿದು ಕೊಟ್ಟವಳು. ಆ ನೀಲಕ್ಕನಿಗೆ ನಿನ್ನೆಯಿಂದ ಹೊಟ್ಟೆಶೂಲೆ. ಹೊಟ್ಟೆ ಬಿಗಿದು ಮಗ್ಗುಲು ಹೊರಳಲೂ ಆಗದಂತಾಗಿತ್ತು. ಊರ ಡಾಕ್ಟರು ಮುಟ್ಟಿ ನೋಡಿ, ಕರುಳು ತೊಡರಿದೆ, ಕೊಯ್ದೇ ಬಿಡಿಸಬೇಕು, ಇವತ್ತೇ ಧಾರವಾಡಕ್ಕೆ ಮುಟ್ಟಿಸು ಎಂದಿದ್ದರು. ಹೊತ್ತು ಏರಿದಾಗ ದ್ಯಾಮಪ್ಪ ಓಡುತ್ತ ಬಂದು ಸಾಹುಕಾರನ ಕಟ್ಟೆಯ ಕೆಳಗೆ ನಿಂತ. ಮೀಸಲು ಗಾಡಿ ಕೇಳಬಾರದು, ಗೊತ್ತದೆ, ಮಧ್ಯಾಹ್ನ ಎರಡರ ಬಸ್ಸಿಗೆ ಕರೆದೊಯ್ಯೋಣವೆಂದಿದ್ದೆ, ಆದರೆ ಅವ್ವನ ನೋವು ನೋಡಿ ಮನಸ್ಸು ತಡೆಯಲಿಲ್ಲ ಎಂದ.

ಗಾಡಿ ಕೆಟ್ಟಿದೆ ಎಂದು ಹೇಳಲು ಎರಡು ಮಾತು ಸಾಕಿತ್ತು. ಬಸ್ಸಿಗೆ ಹೋಗು ಎಂದು ಹೇಳಲು ಅಷ್ಟೂ ಬೇಕಿರಲಿಲ್ಲ. ಆದರೆ ಸಾಯುವ ನೋವಿನ ಮುದುಕಿಗೆ ಗಾಡಿ ಕೊಡಲಿಲ್ಲ ಎಂದರೆ ಊರು ಏನಂದೀತು ಎಂದು ಚನಬಸಪ್ಪನಿಗೆ ಆ ಕ್ಷಣ ಹೊಳೆಯಿತು. ಇಲ್ಲ ಎನ್ನಲಾರ, ಕೆಟ್ಟಿದೆ ಎನ್ನಲಾರ. ಉದಾರಿಯ ಮುಖ ಹಾಕಿಕೊಂಡು ಬಾಯಿ ತೆರೆದ.

“ಬಸ್ಸಿನ್ಯಾಗ ಯಾಕ ಆಕಿನ್ನ ಕುಲುಕಿಸಿ ಕೊಲ್ಲತಿ? ಅಜ್ಜಾರು ಇಲ್ಲೇ ಹತ್ರದ ಹಳ್ಳ್ಯಾಗ ಬಿಡಾರ ಮಾಡ್ಯಾರ. ಸೈಕಲ್ ಮ್ಯಾಲೆ ಆಳ ಕಳಸಿ ಅಪ್ಪಣಿ ತರಸ್ತೇನಿ. ನೀ ಇಲ್ಲೇ ಕುಂಡ್ರು. ಮೆತ್ತಿ ಮ್ಯಾಲೆ ಮಲಗಿಸಿಕೊಂಡ ಹೋಗೂಣು.”

ದ್ಯಾಮಪ್ಪ ಅವನ ಕಾಲು ಮುಟ್ಟಿದ. ಕಟ್ಟೆಯ ಮೇಲೆ ಕೂತ.

ಚನಬಸಪ್ಪ ಒಳಗೆ ಹೋಗಿ, ಹಿಂಬಾಗಿಲಿಂದ ಗೋದಾಮಿಗೆ ಹೋದ. ಯಾವ ಆಳನ್ನೂ ಕಳಿಸಲಿಲ್ಲ. ಕಾದು ಬೇಸತ್ತು ತಾನೇ ಎದ್ದು ಹೋದಾನು, ಶೂಲೆ ತಾನೇ ಇಳಿದೀತು, ಯಾರಾದರೂ ಬಂದು ಕರೆದಾರು, ಹೀಗೆ ಏನೇನೋ ಅಂದುಕೊಳ್ಳುತ್ತ ಅಕ್ಕಿಚೀಲಗಳ ನಡುವೆ ಸುಮ್ಮನೆ ತಿರುಗಾಡಿದ. ಎರಡರ ಬಸ್ಸು ಗೋದಾಮಿನ ಮುಂದೆಯೇ ಧೂಳೆಬ್ಬಿಸಿ ಹೋಯಿತು. ಕಿಟಕಿಯ ಪಕ್ಕದ ಸೀಟು ಖಾಲಿ ಇದ್ದದ್ದನ್ನು ಅವನು ಕಣ್ಣಾರೆ ಕಂಡ. ಇಳಿಹೊತ್ತಿಗೆ ಮನೆಗೆ ಬಂದು ನೋಡಿದರೆ ದ್ಯಾಮಪ್ಪ ಕೂತಲ್ಲೇ ಕೂತಿದ್ದಾನೆ, ಗುರುಬಸವ್ವ ಕೊಟ್ಟ ಮಜ್ಜಿಗೆ ಮುಟ್ಟದೆ ಪಕ್ಕದಲ್ಲಿದೆ. ಅಜ್ಜಾರು ಬೇರೆ ಊರಿಗೆ ಹೊರಟುಹೋಗಿದ್ದರಂತೆ, ಆಳಿಗೆ ಸಿಗಲಿಲ್ಲ ಎಂದು ಚನಬಸಪ್ಪ ನೆಲ ನೋಡುತ್ತ ಹೇಳಿದ.

ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ನೀಲಕ್ಕನನ್ನು ಹೊರಡಿಸಿದರು. ಧಾರವಾಡದ ದೀಪ ಕಾಣುವ ಮೊದಲೇ ಅವಳ ಉಸಿರು ಹೋಯಿತು.

ದಿನಗಳು ಕಳೆದ ಮೇಲೆ ತಾಯಿಯ ಶಿವಗಣಾರಾಧನೆಯ ಊಟಕ್ಕೆ ಕರೆಯಲು ದ್ಯಾಮಪ್ಪ ಬಂದ. ಸಿಟ್ಟಿರಲಿಲ್ಲ. ಅವ್ವ ಹಾದಿಯಲ್ಲಿ ನಿಮ್ಮ ಹೆಸರು ತೆಗೆದಳು, ಅಜ್ಜಾರದ್ದು ಅಜ್ಜಾರಿಗೇ ಇರಲಿ, ಚನಬಸ್ಯಾ ಕೆಟ್ಟವನಲ್ಲ ಎಂದಳು ಅಂತ ಹೇಳಿದ. ಚನಬಸಪ್ಪ ಊಟಕ್ಕೆ ಹೋದ, ಎಲೆಯ ಮುಂದೆ ಕೂತ. ಎದ್ದು ನಿಂತು ನಿಜ ಹೇಳಿಬಿಡಬೇಕು ಎಂದು ಎರಡು ಸಲ ಕೈ ಊರಿದ. ಎರಡು ಸಲವೂ ಬಡಿಸುವವರು, ಸಾಹುಕಾರ್ರಿಗೆ ಹೋಳಿಗಿ ತರ್ರಿ ಎಂದರು. ಕೂತೇ ಉಳಿದ.

ವೈಶಾಖದಲ್ಲಿ ಕೆರೆಯ ದಂಡೆಯ ಬಸವಣ್ಣನ ಗುಡಿಗೆ ಕಳಸ ಏರಿಸುವುದೆಂದಾಯಿತು. ಮಹಾಂತಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಮಠಕ್ಕೆ ಹೋಗಿ ಅಜ್ಜಾರನ್ನು ಬಿನ್ನವಿಸಿದ. ಮೀಸಲು ಗಾಡಿಯ ಸಂಗತಿಯನ್ನೂ, ಅದಕ್ಕಾಗಿ ಒಂದು ಜೀವ ಹೋದರೂ ಹರಕೆ ಮುರಿಯದಿದ್ದ ಭಕ್ತಿಯನ್ನೂ ಹೇಳಿದನಂತೆ. ಅಜ್ಜಾರು, ನನ್ನ ಸಲುವಾಗಿ ಅದು ಇಷ್ಟು ಕಾದಿದೆ, ಊರ ಬಾಗಿಲಿನಿಂದ ಗುಡಿಯವರೆಗೆ ಅದರಲ್ಲೇ ಕೂತು ಬರುತ್ತೇನೆ, ಅಲ್ಲಿಗೆ ಆ ಹರಕೆ ತೀರಲಿ ಎಂದರಂತೆ.

ಸುದ್ದಿ ಕೇಳಿ ಚನಬಸಪ್ಪ ದಾಂಡೇಲಿಗೆ ಓಡಿದ. ದಾಂಡೇಲಿಗೆ ಓಡಿದ. ಸೋಮಪ್ಪ ಹಲ್ಲು ಕಿರಿದು, ಮುಂಬೈಗೆ ಬರೆದರೂ ಮಳೆಗಾಲದೊಳಗೆ ಉತ್ತರ ಬಂದರೆ ಪುಣ್ಯ ಎಂದ. ವಾಪಸು ಬರುವ ಬಸ್ಸಿನಲ್ಲಿ ಅವನಿಗೆ ಇನ್ನೊಂದು ಉಪಾಯ ಹೊಳೆಯಿತು. ಸುಳ್ಳಿಗೆ ಸುಳ್ಳು ಕಟ್ಟುವುದು ಅಷ್ಟು ಹೊತ್ತಿಗೆ ಅವನ ಕೈಗೆ ಪಳಗಿದ ಕೆಲಸವಾಗಿತ್ತು. ಹಿರಿಯರ ಸಭೆಯಲ್ಲಿ ಎದ್ದು ನಿಂತು, ಅಜ್ಜಾರು ಕೂತ ಗಾಡಿ ಪೆಟ್ರೋಲಿನ ಹೊಗೆಯುಗುಳುತ್ತ ಹೋಗಬಾರದು, ಭಕ್ತರೇ ಹಗ್ಗ ಹಿಡಿದು ಎಳೆಯಬೇಕು, ಅದೇ ನಿಜವಾದ ಸೇವೆ ಎಂದ. ಮಹಾಂತಪ್ಪ ಕಣ್ಣೊರೆಸಿಕೊಂಡ. ಪೇಟೆಯ ದಾರಿ ಗುಡಿಯ ತನಕ ಅಂಗೈಯಂತೆ ಸಪಾಟು, ಬ್ರೇಕಿನ ಗೊಡವೆಯಿಲ್ಲ ಎಂಬುದನ್ನು ಚನಬಸಪ್ಪ ಮೊದಲೇ ನಡೆದು ನೋಡಿಕೊಂಡಿದ್ದ.

ಆ ದಿನ ಬೆಳಿಗ್ಗೆ ಊರಿನ ಗಂಡಸರೆಲ್ಲ ಚಪ್ಪಲಿ ಬಿಟ್ಟು ಬಂದರು. ಗಾಡಿಯನ್ನು ಊರ ಬಾಗಿಲಿಗೆ ತಳ್ಳಿ ತಂದು ಮುಂದಿನ ಬಂಪರಿಗೆ ಎರಡು ಹೊಸ ಹಗ್ಗ ಕಟ್ಟಿದರು. ಅಜ್ಜಾರು ಹಿಂದಿನ ಮೆತ್ತೆಯ ಮೇಲೆ ಕೂತರು. ತೆಳ್ಳನೆಯ, ವಯಸ್ಸಾದ, ಕಡಿಮೆ ಮಾತಿನವರು. ಸ್ಟಿಯರಿಂಗ್ ಹಿಡಿದು ಚನಬಸಪ್ಪ ಕೂತ. ಗುರುಬಸವ್ವ ಆರತಿ ಬೆಳಗುವಾಗ ಅವಳ ಕಣ್ಣಲ್ಲಿ ನೀರಿತ್ತು, ಅವನು ಗಾಜಿನಾಚೆ ನೋಡಿದ. ಬಲಗಡೆಯ ಹಗ್ಗದ ಮೊದಲ ಆಳು ಯಾರೆಂದು ಆಗ ಕಾಣಿಸಿತು. ದ್ಯಾಮಪ್ಪ. ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು, ಹಣೆತುಂಬ ವಿಭೂತಿ ಇಟ್ಟುಕೊಂಡು ನಿಂತಿದ್ದ. ತಾಯಿಯನ್ನು ಸಾಗಿಸದ ಗಾಡಿಯನ್ನು ಮಗ ಎಳೆಯಲಿದ್ದ. ಚನಬಸಪ್ಪನಿಗೆ ಇಳಿದು ಓಡಿಹೋಗಬೇಕು ಅನ್ನಿಸಿತು, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಾಡಿ ಮಾತ್ರ ಹೊರಟಿತು.

ಪೇಟೆಯ ತಿರುವಿನಲ್ಲಿ ಎಳೆಯುವವರು ನಿಂತರು. ದ್ಯಾಮಪ್ಪ ಹಗ್ಗ ಬಿಡದೆಯೇ ತಿರುಗಿ ಅಜ್ಜಾರಿಗೆ ಕೈಮುಗಿದ. ಒಮ್ಮೆ ನಮ್ಮ ಓಣಿಯ ಮುಂದೆ ಹಾದು ಹೋಗಬೇಕು ಬುದ್ಧಿ, ನಿಮ್ಮ ಪಾದ ಮನೆ ಮುಂದೆ ಬರಬೇಕೆಂದು ಅವ್ವನಿಗೆ ಬಹಳ ಆಸೆಯಿತ್ತು ಎಂದು ಕೇಳಿದ. ಅಜ್ಜಾರು ತಲೆಯಾಡಿಸಿದರು. ಚನಬಸಪ್ಪ ಏನೋ ಹೇಳಹೋದ, ಭಜನೆಯ ಸದ್ದಿನಲ್ಲಿ ಅವನ ಮಾತು ಯಾರಿಗೂ ಕೇಳಿಸಲಿಲ್ಲ. ಮೋಟಾರು ಕೆರೆಯ ದಾರಿಗೆ ಹೊರಳಿತು.

ಕೆರೆಯ ದಾರಿ ಗೊತ್ತಿದ್ದವರಿಗೆ ಗೊತ್ತು. ದ್ಯಾಮಪ್ಪನ ಮನೆ ದಾಟಿದೊಡನೆ ಅದು ಕಡಿದಾಗಿ ಇಳಿದು ನೇರ ನೀರಿನ ಮೆಟ್ಟಿಲಿಗೆ ಹೋಗುತ್ತದೆ. ಗುಡಿಯ ಕಡೆ ಹೊರಳುವುದು ಆ ಮೆಟ್ಟಿಲ ಹತ್ತಿರವೇ, ಸಾಹುಕಾರರ ಕಾಲ ಕೆಳಗೆ ಬ್ರೇಕಿದೆ ಎಂದು ಎಳೆಯುವವರ ನಂಬಿಕೆ. ಮುಂದೆ ಹಗ್ಗ ಹಿಡಿದ ಅಷ್ಟೂ ಜನ, ಅವರ ಬೆನ್ನ ಹಿಂದೆ ಈ ಕಬ್ಬಿಣದ ಗುಡ್ಡ. ಒಮ್ಮೆ ಇಳಿಜಾರು ಹಿಡಿದರೆ ಅದನ್ನು ಯಾರು ತಡೆದಾರು? ದ್ಯಾಮಪ್ಪನ ಮನೆಯ ಮುಂದೆ ಗಾಡಿ ನಿಧಾನವಾಯಿತು, ಅವನ ಹೆಂಡತಿ ಬಾಗಿಲಲ್ಲಿ ನಿಂತು ಅಡ್ಡಬಿದ್ದಳು, ಅಜ್ಜಾರು ಕೈ ಎತ್ತಿದರು. ಮತ್ತೆ ಹಗ್ಗ ಬಿಗಿಯಾಯಿತು. ಎದುರಿಗೆ ದಾರಿಯ ಅಂಚು ಕಾಣಿಸಿತು, ಅಂಚಿನಾಚೆ ಬರೀ ಕೆರೆಯ ನೀರಿನ ಬೆಳಕು.

ನಿಲ್ಲಿ ಎಂದು ಚನಬಸಪ್ಪ ಕೂಗಿದ. ಯಾರೂ ಕೇಳಲಿಲ್ಲ. ಹಾರ್ನು ಹಿಂಡಿದ, ಮತ್ತೆ ಮತ್ತೆ ಹಿಂಡಿದ. ಜನ ಅದನ್ನು ಸಾಹುಕಾರರ ಹುರುಪು ಅಂದುಕೊಂಡು, ಜಯಕಾರ ಹಾಕಿ ಇನ್ನಷ್ಟು ಜೋರಾಗಿ ಎಳೆದರು. ಇನ್ನು ಮಾನ ಉಳಿಯುತ್ತದೋ ಜನ ಉಳಿಯುತ್ತಾರೋ ಎಂಬಷ್ಟೇ ಇತ್ತು. ಚನಬಸಪ್ಪ ಬಾಗಿಲು ನೂಕಿ ಹೊರಕ್ಕೆ ಹಾರಿದ. ಮಂಡಿ ತರಚಿತು, ರುಮಾಲು ಬಿತ್ತು. ಎದ್ದು ಓಡಿ, ಎಳೆಯುವವರ ಮುಂದೆ ಹೋಗಿ ಎರಡೂ ಕೈ ಚಾಚಿ ಅಡ್ಡ ನಿಂತ. ದ್ಯಾಮಪ್ಪ ಮೊದಲು ಅವನ ಮುಖ ನೋಡಿದ, ಆಮೇಲೆ ಅಂಚನ್ನು ನೋಡಿದ, ಹಗ್ಗ ಸಡಿಲು ಬಿಟ್ಟು ಓಡಿಹೋಗಿ ಹೊಲದ ಬದುವಿನ ಕಲ್ಲೊಂದನ್ನು ಎತ್ತಿ ಗಾಲಿಗೆ ಕೊಟ್ಟ. ಭಜನೆ ನಿಂತಿತು.

“ಇಳೀರಿ ಅಜ್ಜಾರ,” ಎಂದ ಚನಬಸಪ್ಪ ಏದುಸಿರು ಬಿಡುತ್ತ. “ಇದಕ್ಕ ಬ್ರೇಕ್ ಇಲ್ಲ. ಎಂಜಿನ್ನೂ ಸತ್ತ ಹೋಗೇತಿ. ಹಗ್ಗದ ಮಾತು ನಾ ಅದನ್ನ ಮುಚ್ಚಾಕ ಹೇಳಿದ್ದು.”

ಇಷ್ಟು ದಿನ ಯಾವುದಕ್ಕೆ ಅಂಜಿದ್ದನೋ ಅದು ಬಾಯಿಂದ ಹೊರಬಿತ್ತು. ತಲೆ ತಗ್ಗಿಸಿ, ಊರು ಉಗಿಯುವುದನ್ನೇ ಕಾದ. ಹಗ್ಗದ ಹಿಂದಿನ ಕಡೆ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು ನಕ್ಕರು. ಜೀವ ಉಳಿದ ಸಮಾಧಾನಕ್ಕೆ ಎಲ್ಲರೂ ನಗತೊಡಗಿದರು. ಮಹಾಂತಪ್ಪ ಹತ್ತಿರ ಬಂದು ಬಿದ್ದ ರುಮಾಲು ಝಾಡಿಸಿ ಅವನ ಕೈಗೆ ಕೊಟ್ಟು, ಬೆನ್ನ ಮೇಲೆ ಕೈಯಿಟ್ಟ.

“ಏನ್ರೀ ಸಾಹುಕಾರ್ರ, ಮೋಟಾರ ಅಂದ ಮ್ಯಾಲೆ ಕೆಡ್ತೈತಿ. ಇಷ್ಟ ಹೇಳಾಕ ಎದಕ್ಕ ನಾಚಗೋಬೇಕು?”

ಸಾಹುಕಾರ್ರ ಎಂದೇ ಕರೆದ. ಏನೂ ಹೋಗಲಿಲ್ಲ. ಯಾವುದನ್ನು ಉಳಿಸಿಕೊಳ್ಳಲು ಇಷ್ಟೆಲ್ಲ ಮಾಡಿದನೋ ಅದನ್ನು ಕಸಿಯಬೇಕೆಂದು ಯಾರಿಗೂ ಇರಲಿಲ್ಲ. ಚನಬಸಪ್ಪ ತಲೆಯೆತ್ತಿದ. ಅಜ್ಜಾರು ತಾವೇ ಬಾಗಿಲು ತೆರೆದುಕೊಂಡು ಇಳಿದಿದ್ದರು, ನಗುತ್ತಿರಲಿಲ್ಲ. ಆರತಿ ತಟ್ಟೆ ಹಿಡಿದು ಹಿಂದೆ ಬಂದಿದ್ದ ಗುರುಬಸವ್ವ ನಗುತ್ತಿರಲಿಲ್ಲ, ಗಂಡನ ಮುಖವನ್ನೇ ನೋಡುತ್ತಿದ್ದಳು. ಗಾಲಿಯ ಹತ್ತಿರ ಕೂತಿದ್ದ ದ್ಯಾಮಪ್ಪ ಕಲ್ಲು ಭದ್ರವಾಗಿದೆಯೇ ಎಂದು ಕೈಯಿಂದ ಅಲ್ಲಾಡಿಸಿ ನೋಡಿ, ನಿಧಾನವಾಗಿ ಎದ್ದ.

“ಯಾವಾಗಿಂದ ಕೆಟ್ಟೈತ್ರೀ?” ಎಂದು ಕೇಳಿದ.

ಒಂದು ತಿಂಗಳಿಂದ ಎಂಬ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಯಾರೂ ಪರೀಕ್ಷೆ ಮಾಡುವಂತಿರಲಿಲ್ಲ. ಚನಬಸಪ್ಪ ದ್ಯಾಮಪ್ಪನ ಹೆಗಲು ನೋಡಿದ, ಹೊಸ ಹಗ್ಗ ಉಜ್ಜಿ ಅಲ್ಲಿ ಕೆಂಪಗೆ ಬರೆಯೆದ್ದಿತ್ತು.

“ದೀಪಾವಳಿಯಿಂದ,” ಎಂದ.

ನಗು ಒಂದೊಂದಾಗಿ ನಿಂತಿತು. ಮಹಾಂತಪ್ಪನ ಕೈ ಅವನ ಬೆನ್ನಿನ ಮೇಲಿಂದ ತಾನಾಗಿ ಕೆಳಗಿಳಿಯಿತು. ದ್ಯಾಮಪ್ಪ ಬೈಯಲಿಲ್ಲ, ಕೈ ಎತ್ತಲಿಲ್ಲ. ನೆಲದ ಮೇಲೆ ಬಿದ್ದಿದ್ದ ಹಗ್ಗವನ್ನು ಎತ್ತಿ ಬಾನೆಟ್ಟಿನ ಮೇಲೆ, ಅವತ್ತಿನ ಬೆಳಗಿನ ವಿಭೂತಿಯ ಮಗ್ಗುಲಲ್ಲಿ ಇಟ್ಟ. ಲೆಕ್ಕ ಹಾಕಿ ತಿಳಿದುಕೊಳ್ಳುವವನಂತೆ ದೀಪಾವಳಿಯಿಂದ ಮಾಘದ ತನಕ ಬೆರಳು ಮಡಿಚಿದ. ಮಾತಾಡಿದಾಗ ದನಿ ಎಂದಿನಷ್ಟೇ ಮರ್ಯಾದೆಯದಾಗಿತ್ತು.

“ಅವತ್ತ ಎರಡರ ಬಸ್ಸ ಇತ್ತಲ್ರೀ.”